ಬೇಡದ ಪ್ಯಾಕೇಜ್ ತೆಗೆದ ಮೇಲೆ ಆ್ಯಪ್ ಬಿದ್ದರೆ: ನೋಡ್ ಪ್ರಾಜೆಕ್ಟ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ನಾಲ್ಕೈದು ವರ್ಷ ಓಡಿದ ಯಾವುದಾದರೂ ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ವೇದಿಕೆ) ಪ್ರಾಜೆಕ್ಟ್ ತೆರೆದು ‘ಪ್ಯಾಕೇಜ್.ಜೇಸನ್’ ನೋಡಿ. ಪ್ರಾಜೆಕ್ಟ್‌ಗೆ ಬೇಕಾದ, ಬೇರೆಯವರು ಬರೆದ ಕೋಡ್ ಕಟ್ಟುಗಳ (ಪ್ಯಾಕೇಜ್‌ಗಳ) ಪಟ್ಟಿ ಅದು. ಅದರಲ್ಲಿರುವ ಅರ್ಧ ಹೆಸರುಗಳು ಯಾಕಿವೆ ಅಂತ ತಂಡದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹಾಕಿದವರು ಬೇರೆ ಕಂಪನಿ ಸೇರಿರುತ್ತಾರೆ. ಒಂದು ದಿನ ಯಾರೋ ಧೈರ್ಯ ಮಾಡಿ ನಾಲ್ಕು ಪ್ಯಾಕೇಜ್ ಕಿತ್ತು ಹಾಕುತ್ತಾರೆ. ಟೆಸ್ಟ್ ಪಾಸಾಗುತ್ತದೆ. ಸರ್ವರ್‌ಗೆ ಹೋದ ಮೇಲೆ ಆ್ಯಪ್ ಮಕಾಡೆ ಮಲಗುತ್ತದೆ. ಆಮೇಲೆ ಮತ್ತೆರಡು ವರ್ಷ ಆ ಪಟ್ಟಿಯ ತಂಟೆಗೆ ಯಾರೂ ಹೋಗುವುದಿಲ್ಲ.

ಹೀಗೆ ಆಗುವುದಕ್ಕೆ ಕಾರಣ ಹುಡುಕುವುದು ಹೇಗೆ ಅನ್ನುವುದು ಈ ಬರಹದ ವಿಷಯ. ಉದಾಹರಣೆಗಳೆಲ್ಲ ನೋಡ್ ಮತ್ತು ಅದರ ಪ್ಯಾಕೇಜ್‌ಗಳನ್ನು ತರುವ ಉಪಕರಣ ಎನ್‌ಪಿಎಂನದ್ದು, ಎನ್‌ಪಿಎಂ 7 ಅಥವಾ ಅದಕ್ಕಿಂತ ಹೊಸದು ಇದೆ ಅಂದುಕೊಂಡು ಬರೆದದ್ದು. ಪೈಥಾನ್, ಜಾವಾ, ಗೋ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ.

ಯಾವ ಲಕ್ಷಣ ಇದ್ದರೆ ಇಲ್ಲಿಗೆ ಬರಬೇಕು

ಬಿಲ್ಡ್‌ನಲ್ಲಿ ಇನ್‌ಸ್ಟಾಲ್ ಹಂತವೇ ನಿಮಿಷಗಟ್ಟಲೆ ಎಳೆಯುತ್ತದೆ. ಭದ್ರತಾ ದೋಷ ಹುಡುಕುವ ‘ಎನ್‌ಪಿಎಂ ಆಡಿಟ್’ ಕೊಟ್ಟರೆ ನೀವು ಹೆಸರೇ ಕೇಳದ ಪ್ಯಾಕೇಜ್‌ಗಳ ಮೇಲೆ ಎಚ್ಚರಿಕೆಗಳ ಸುರಿಮಳೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವ ಕೋಡ್ ಸಹೋದ್ಯೋಗಿಯ ಹತ್ತಿರ ‘ಕೆನಾಟ್ ಫೈಂಡ್ ಮಾಡ್ಯೂಲ್’ ಅನ್ನುತ್ತದೆ. ಪ್ಯಾಕೇಜ್ ತೆಗೆದ ಮೇಲೂ ಅದು, ಪ್ಯಾಕೇಜ್‌ಗಳೆಲ್ಲ ಇಳಿದು ಕೂರುವ ‘ನೋಡ್_ಮಾಡ್ಯೂಲ್ಸ್’ ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತದೆ. ಅಥವಾ ಉಲ್ಟಾ: ನೀವು ತೆಗೆದದ್ದು ಒಂದು, ಇನ್ಯಾವುದೋ ಪ್ಯಾಕೇಜ್ ಕಾಣುತ್ತಿಲ್ಲ ಅಂತ ದೂರು.

ಕೊನೆಯ ಎರಡು ಲಕ್ಷಣಗಳೇ ನಿಜವಾದ ತಲೆನೋವು. ನಮ್ಮ ಕಣ್ಣು ಮೊದಲು ಬೀಳುವುದು ‘ಪಟ್ಟಿಯಲ್ಲಿದೆ, ಆದರೆ ಕೋಡ್ ಬಳಸುತ್ತಿಲ್ಲ’ ಅನ್ನುವ ಪ್ಯಾಕೇಜ್‌ಗಳ ಮೇಲೆ. ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಗುಂಪಿದೆ: ಕೋಡ್ ಬಳಸುತ್ತಿದೆ, ಆದರೆ ಪಟ್ಟಿಯಲ್ಲಿಲ್ಲ. ಆ್ಯಪ್ ಬೀಳುವುದು ಬಹುತೇಕ ಈ ಎರಡನೇ ಗುಂಪಿನಿಂದ. ಹಾಗಾಗಿ ನಾನು ಹೇಳುವುದು ಇಷ್ಟೇ: ತೆಗೆಯುವುದಕ್ಕೆ ಮೊದಲು ಸೇರಿಸಿ. ಬಳಕೆಯಲ್ಲಿದ್ದೂ ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಬರೆದ ಮೇಲೆಯೇ ಬೇಡದ್ದಕ್ಕೆ ಕೈ ಹಾಕಿ. ಈ ಕ್ರಮ ತಿರುಗುಮುರುಗಾದರೆ ದೋಷ ಹುಡುಕುವ ಕೆಲಸ ಎರಡರಷ್ಟಾಗುತ್ತದೆ.

ಶುರು ಮಾಡುವ ಮುನ್ನ

ಹೊಸ ಬ್ರಾಂಚ್ ಮಾಡಿ. ‘ಪ್ಯಾಕೇಜ್-ಲಾಕ್.ಜೇಸನ್’ (ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿಟ್ಟ ಲಾಕ್‌ಫೈಲ್) ಕಮಿಟ್ ಆಗಿದೆಯಾ ನೋಡಿ. ಈಗ ಏನನ್ನೂ ಬದಲಿಸದೆ ‘ಎನ್‌ಪಿಎಂ ಸಿಐ’ ಕೊಡಿ. ಇದು ‘ನೋಡ್_ಮಾಡ್ಯೂಲ್ಸ್’ ಅನ್ನು ಪೂರ್ತಿ ಅಳಿಸಿ, ಲಾಕ್‌ಫೈಲ್‌ನಲ್ಲಿ ಏನಿದೆಯೋ ಅದನ್ನಷ್ಟೇ ಹೊಸದಾಗಿ ತರುತ್ತದೆ. ಲಾಕ್‌ಫೈಲಿಗೂ ಪಟ್ಟಿಗೂ ಹೊಂದಿಕೆ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬಿಲ್ಡ್ ಮಾಡಿ, ಟೆಸ್ಟ್ ಓಡಿಸಿ, ಆ್ಯಪ್ ಒಮ್ಮೆ ಎಬ್ಬಿಸಿ ನೋಡಿ.

ಇಲ್ಲೇ ಬಿದ್ದರೆ ಒಳ್ಳೆಯದೇ ಆಯಿತು. ನೀವು ಇನ್ನೂ ಏನನ್ನೂ ತೆಗೆದಿಲ್ಲ, ಅಂದರೆ ದೋಷ ಮೊದಲಿನಿಂದಲೇ ಇತ್ತು. ತಿಂಗಳುಗಟ್ಟಲೆ ಅದೇ ಫೋಲ್ಡರ್ ಮೇಲೆ ಕೆಲಸ ಮಾಡುವವರ ಯಂತ್ರದಲ್ಲಿ ಎಂದೋ ಕೈಯಾರೆ ತಂದು ಹಾಕಿದ ಪ್ಯಾಕೇಜ್‌ಗಳು ಉಳಿದುಕೊಂಡಿರುತ್ತವೆ. ‘ಎನ್‌ಪಿಎಂ ಎಲ್‌ಎಸ್’ ಓಡಿಸಿದರೆ ಅವುಗಳ ಪಕ್ಕ ‘ಎಕ್ಸ್‌ಟ್ರೇನಿಯಸ್’ ಅಂತ ತೋರಿಸುತ್ತದೆ. ‘ಎನ್‌ಪಿಎಂ ಪ್ರೂನ್’ ಕೊಟ್ಟರೆ ಅಷ್ಟನ್ನು ಮಾತ್ರ ತೆಗೆದುಹಾಕುತ್ತದೆ.

ಕೆಲಸ ಮುಗಿದ ಮೇಲೆ ಹೋಲಿಸಲು ಫೋಲ್ಡರ್‌ನ ಗಾತ್ರವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಬೇರೇನಕ್ಕೂ ಅಲ್ಲ, ಮ್ಯಾನೇಜರ್ ಕೇಳುವುದು ಅದೊಂದನ್ನೇ.

ಇದನ್ನು ತಂದವರು ಯಾರು?

ಒಂದು ಹೆಸರು ನೋಡಿ ಅನುಮಾನ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉದಾಹರಣೆಗೆ ವಿಶಿಷ್ಟ ಗುರುತುಗಳನ್ನು ಹುಟ್ಟಿಸುವ ಯುಯುಐಡಿ ಪ್ಯಾಕೇಜ್ ತೆಗೆದುಕೊಳ್ಳಿ. ‘ಎನ್‌ಪಿಎಂ ಎಕ್ಸ್‌ಪ್ಲೇನ್ ಯುಯುಐಡಿ’ ಅಂತ ಕೊಟ್ಟರೆ ಉತ್ತರ ಸಿಗುತ್ತದೆ. ಎಕ್ಸ್‌ಪ್ಲೇನ್ ಬದಲು ‘ವೈ’ ಅಂದರೂ ನಡೆಯುತ್ತದೆ. ಉತ್ತರವನ್ನು ಮೇಲಿನಿಂದ ಕೆಳಕ್ಕೆ ಓದಿ: ಯುಯುಐಡಿ 3.4.0 ಇಲ್ಲಿದೆ, ಅದನ್ನು ಕೇಳಿದ್ದು ರಿಕ್ವೆಸ್ಟ್ (ವೆಬ್ ಕರೆ ಮಾಡುವ ಪ್ಯಾಕೇಜ್) 2.88.2, ರಿಕ್ವೆಸ್ಟ್ ಅನ್ನು ಕೇಳಿದ್ದು ‘ರೂಟ್ ಪ್ರಾಜೆಕ್ಟ್’. ರೂಟ್ ಪ್ರಾಜೆಕ್ಟ್ ಅಂದರೆ ನೀವೇ.

ಸರಪಳಿಯಲ್ಲಿ ನಿಮಗೆ ನೇರವಾಗಿ ಸಂಬಂಧಿಸಿದ್ದು ರಿಕ್ವೆಸ್ಟ್ ಒಂದೇ. ಯುಯುಐಡಿ ಅದರ ಬೆನ್ನಿಗೆ ಬಿದ್ದು ಬಂದದ್ದು. ಬೆನ್ನಿಗೆ ಬಿದ್ದು ಬಂದದ್ದನ್ನು ನೇರವಾಗಿ ತೆಗೆಯಲು ಆಗುವುದಿಲ್ಲ. ಲಾಕ್‌ಫೈಲ್ ತೆರೆದು ಕೈಯಿಂದ ಸಾಲು ಅಳಿಸುವವರನ್ನು ನೋಡಿದ್ದೇನೆ. ಸುಮ್ನೆ ವ್ಯರ್ಥ, ಮುಂದಿನ ಇನ್‌ಸ್ಟಾಲ್‌ನಲ್ಲಿ ಅದು ವಾಪಸ್ ಬರುತ್ತದೆ. ತೆಗೆಯಬೇಕಾದ್ದು ಕರೆತಂದವರನ್ನು.

ಆಡಿಟ್ ಎಚ್ಚರಿಕೆಗಳಿಗೂ ಇದೇ ದಾರಿ. ಮೊದಲು ‘ಎನ್‌ಪಿಎಂ ಆಡಿಟ್’ ಜೊತೆ ‘ಒಮಿಟ್=ಡೆವ್’ ಆಯ್ಕೆ ಕೊಟ್ಟು ನೋಡಿ. ಎಷ್ಟೋ ಎಚ್ಚರಿಕೆಗಳು ಬಿಲ್ಡ್ ಮತ್ತು ಟೆಸ್ಟ್ ಉಪಕರಣಗಳದ್ದೇ ಆಗಿದ್ದು, ಪಟ್ಟಿ ಅಲ್ಲೇ ಕರಗುತ್ತದೆ. ಉಳಿದದ್ದಕ್ಕೆ ‘ಆಡಿಟ್ ಫಿಕ್ಸ್’ ಜೊತೆ ‘ಫೋರ್ಸ್’ ಮಾತ್ರ ಕೊಡಬೇಡಿ. ಅದು ದೊಡ್ಡ ಆವೃತ್ತಿಗಳನ್ನೇ ಬದಲಿಸಿಬಿಡುತ್ತದೆ. ಯಾರು ತಂದರು ಅಂತ ನೋಡಿ, ಅವರೇ ಬೇಡದವರಾದರೆ ಎಚ್ಚರಿಕೆಯೂ ಅವರ ಜೊತೆ ಹೋಗುತ್ತದೆ.

ಮೊದಲ ದೋಷ: ಪಟ್ಟಿಯಲ್ಲಿಲ್ಲ, ಆದರೂ ಓಡುತ್ತಿದೆ

ಇದು ಹೇಗೆ ಸಾಧ್ಯ? ನೋಡ್ ಒಂದು ಪ್ಯಾಕೇಜ್ ಹುಡುಕುವಾಗ ನಿಮ್ಮ ಪಟ್ಟಿಯನ್ನು ನೋಡುವುದೇ ಇಲ್ಲ. ಫೈಲ್ ಇರುವ ಜಾಗದ ‘ನೋಡ್_ಮಾಡ್ಯೂಲ್ಸ್’ ನೋಡುತ್ತದೆ, ಸಿಗದಿದ್ದರೆ ಒಂದು ಫೋಲ್ಡರ್ ಮೇಲಕ್ಕೆ ಹೋಗುತ್ತದೆ, ಅಲ್ಲೂ ಇಲ್ಲದಿದ್ದರೆ ಇನ್ನೂ ಮೇಲಕ್ಕೆ. 2015ರಲ್ಲಿ ಬಂದ ಎನ್‌ಪಿಎಂ 3 ಒಂದು ದೊಡ್ಡ ಬದಲಾವಣೆ ಮಾಡಿತು. ಅದಕ್ಕೂ ಮುಂಚೆ ಪ್ರತಿ ಪ್ಯಾಕೇಜ್ ತನ್ನ ಡಿಪೆಂಡೆನ್ಸಿಗಳನ್ನು (ತನಗೆ ಬೇಕಾದ ಬೇರೆ ಪ್ಯಾಕೇಜ್‌ಗಳನ್ನು) ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತಿತ್ತು. ಆಮೇಲಿನಿಂದ ಸಾಧ್ಯವಾದಷ್ಟನ್ನೂ ಮೇಲಿನ ಒಂದೇ ಫೋಲ್ಡರ್‌ಗೆ ತಂದು ಹರಡಲಾಯಿತು. ಜಾಗ ಉಳಿಯಿತು. ಆದರೆ ರಿಕ್ವೆಸ್ಟ್ ತನಗೋಸ್ಕರ ತಂದ ಯುಯುಐಡಿ ನಿಮ್ಮ ಕೋಡ್‌ಗೂ ಕೈಗೆಟುಕುವಂತಾಯಿತು. ಪಕ್ಕದ ಮನೆಯವರ ವೈಫೈ ಬಳಸಿದ ಹಾಗೆ. ಅವರು ಮನೆ ಖಾಲಿ ಮಾಡುವ ತನಕ ಎಲ್ಲ ಸರಿ.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ರಿಕ್ವೆಸ್ಟ್ ಪ್ಯಾಕೇಜ್ ಅನ್ನು 2020ರ ಫೆಬ್ರವರಿಯಲ್ಲಿ ಅದರ ನಿರ್ವಾಹಕರೇ ಅಧಿಕೃತವಾಗಿ ನಿಲ್ಲಿಸಿದರು. ಅದು ನೇರವಾಗಿ ಸುಮಾರು 20 ಪ್ಯಾಕೇಜ್‌ಗಳನ್ನು ತರುತ್ತದೆ, ಅವು ಮತ್ತಷ್ಟನ್ನು ತರುತ್ತವೆ. ಹಾಗಾಗಿ ತೆಗೆಯಲು ತುಂಬ ಒಳ್ಳೆಯ ಅಭ್ಯರ್ಥಿ. ಕೋಡ್‌ನಲ್ಲಿ ಹುಡುಕಿದಿರಿ, ಯಾರೂ ಬಳಸುತ್ತಿಲ್ಲ. ‘ಎನ್‌ಪಿಎಂ ಅನ್‌ಇನ್‌ಸ್ಟಾಲ್ ರಿಕ್ವೆಸ್ಟ್’ ಕೊಟ್ಟಿರಿ. ಮರುಕ್ಷಣ ಆ್ಯಪ್ ‘ಕೆನಾಟ್ ಫೈಂಡ್ ಮಾಡ್ಯೂಲ್ ಯುಯುಐಡಿ/ವಿ4’ ಅಂತ ಬಿತ್ತು. ಯಾವುದೋ ಮೂಲೆಯ ಫೈಲ್ ಯುಯುಐಡಿಯನ್ನು ಬಳಸುತ್ತಿತ್ತು, ಪಟ್ಟಿಯಲ್ಲಿ ಬರೆದಿರಲಿಲ್ಲ.

ಸರಿ, ‘ಎನ್‌ಪಿಎಂ ಇನ್‌ಸ್ಟಾಲ್ ಯುಯುಐಡಿ’ ಕೊಟ್ಟಿರಿ. ಈಗಲೂ ಬೀಳುತ್ತದೆ, ಆದರೆ ದೂರು ಬೇರೆ: ‘ಪ್ಯಾಕೇಜ್ ಸಬ್‌ಪಾತ್ ಡಾಟ್ ಸ್ಲ್ಯಾಶ್ ವಿ4 ಈಸ್ ನಾಟ್ ಡಿಫೈನ್ಡ್ ಬೈ ಎಕ್ಸ್‌ಪೋರ್ಟ್ಸ್’. ಬಹಳ ಜನ ದಾರಿ ತಪ್ಪುವುದು ಇಲ್ಲೇ. ಪ್ಯಾಕೇಜ್ ಇದೆ, ಆದರೂ ಸಿಗುತ್ತಿಲ್ಲ ಅಂತ ‘ನೋಡ್_ಮಾಡ್ಯೂಲ್ಸ್’ ಅಳಿಸಿ, ಕ್ಯಾಶ್ ಅಳಿಸಿ, ಕೊನೆಗೆ ನೋಡ್ ಆವೃತ್ತಿಯನ್ನೇ ಬದಲಿಸಿ ನೋಡುತ್ತಾರೆ. ಕಾರಣ ಸರಳ. ರಿಕ್ವೆಸ್ಟ್ ತಂದಿದ್ದು ಯುಯುಐಡಿ 3. ನೀವು ಈಗ ತಂದದ್ದು ಇವತ್ತಿನ ಹೊಸ ಆವೃತ್ತಿ. ‘ಯುಯುಐಡಿ/ವಿ4’ ಅಂತ ಒಳಗಿನ ಫೈಲನ್ನೇ ಕರೆಯುವ ಹಳೆಯ ಪದ್ಧತಿಯನ್ನು ಹೊಸ ಆವೃತ್ತಿಗಳು ಒಪ್ಪುವುದಿಲ್ಲ.

ಪರಿಹಾರ: ಪಟ್ಟಿಯಲ್ಲಿಲ್ಲದ ಪ್ಯಾಕೇಜ್ ಸೇರಿಸುವಾಗ ಈಗ ಓಡುತ್ತಿರುವ ಆವೃತ್ತಿಯನ್ನೇ ಸೇರಿಸಿ. ಇಲ್ಲಿ ಅದು 3.4.0. ಎಕ್ಸ್‌ಪ್ಲೇನ್ ಕಮಾಂಡ್ ಅದನ್ನು ಮೊದಲ ಸಾಲಿನಲ್ಲೇ ಹೇಳಿತ್ತು. ಹೊಸ ಆವೃತ್ತಿಗೆ ಏರುವುದು ಇನ್ನೊಂದು ದಿನದ, ಇನ್ನೊಂದು ಕಮಿಟ್‌ನ ಕೆಲಸ.

ಇಂಥವನ್ನು ಮುಂಚೆಯೇ ಪತ್ತೆ ಮಾಡಲು, ಪಟ್ಟಿಯನ್ನೂ ಕೋಡನ್ನೂ ಹೋಲಿಸುವ ಡೆಪ್‌ಚೆಕ್ ಅಥವಾ ಕ್ನಿಪ್ ಓಡಿಸಿ. ಡೆಪ್‌ಚೆಕ್ ವರದಿಯಲ್ಲಿ ಎಲ್ಲರೂ ಓದುವುದು ‘ಅನ್‌ಯೂಸ್ಡ್ ಡಿಪೆಂಡೆನ್ಸೀಸ್’ ಭಾಗವನ್ನು. ಮೊದಲು ಓದಬೇಕಾದ್ದು ಕೆಳಗಿರುವ ‘ಮಿಸ್ಸಿಂಗ್ ಡಿಪೆಂಡೆನ್ಸೀಸ್’. ಕ್ನಿಪ್ ಅದನ್ನೇ ‘ಅನ್‌ಲಿಸ್ಟೆಡ್’ ಅನ್ನುತ್ತದೆ. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ಬೇಕಿದ್ದರೆ ಪ್ರಾಜೆಕ್ಟ್‌ನ ಒಂದು ನಕಲು ಮಾಡಿ ಅದರಲ್ಲಿ ಎನ್‌ಪಿಎಂ ಬದಲು ಬಳಸಬಹುದಾದ ಪಿಎನ್‌ಪಿಎಂನಿಂದ ಇನ್‌ಸ್ಟಾಲ್ ಮಾಡಿ ನೋಡಿ. ನೀವು ಪಟ್ಟಿಯಲ್ಲಿ ಬರೆದದ್ದನ್ನು ಮಾತ್ರ ಅದು ನಿಮ್ಮ ಕೋಡ್‌ನ ಕಣ್ಣಿಗೆ ಬೀಳುವಂತೆ ಇಡುತ್ತದೆ. ಎರವಲು ಎಲ್ಲೆಲ್ಲಿದೆ ಅಂತ ಆ್ಯಪ್ ತಾನಾಗಿಯೇ ಬಾಯಿ ಬಿಡುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತದೆ, ಬೇರೆಲ್ಲೂ ಇಲ್ಲ ಅನ್ನುವ ಹಟಮಾರಿ ಪ್ರಕರಣ ಇದ್ದರೆ ನೋಡ್‌ನಲ್ಲಿ ‘ರಿಕ್ವೈರ್.ರಿಸಾಲ್ವ್’ಗೆ ಆ ಹೆಸರು ಕೊಟ್ಟು, ಬಂದ ಪಾತ್ ಓದಿ. ಅದು ಪ್ರಾಜೆಕ್ಟ್ ಫೋಲ್ಡರ್‌ನ ಹೊರಗಿನ ಜಾಗವನ್ನು ತೋರಿಸಿದರೆ ಕಳ್ಳ ಸಿಕ್ಕ. ಎಂದೋ ಹೋಮ್ ಫೋಲ್ಡರ್‌ನಲ್ಲಿ ಕೂತು ಕಣ್ತಪ್ಪಿ ‘ಎನ್‌ಪಿಎಂ ಇನ್‌ಸ್ಟಾಲ್’ ಕೊಟ್ಟಿದ್ದರೆ ಅಲ್ಲೊಂದು ‘ನೋಡ್_ಮಾಡ್ಯೂಲ್ಸ್’ ಹುಟ್ಟಿರುತ್ತದೆ. ಕೆಳಗಿನ ಎಲ್ಲ ಪ್ರಾಜೆಕ್ಟ್‌ಗಳಿಗೂ ಅದು ಸದ್ದಿಲ್ಲದೆ ಊಟ ಬಡಿಸುತ್ತಿರುತ್ತದೆ. ಅಳಿಸಿಬಿಡಿ.

ಎರಡನೇ ದೋಷ: ಪಟ್ಟಿಯಲ್ಲಿದೆ, ಬಳಕೆ ಕಾಣುತ್ತಿಲ್ಲ

‘ಕಾಣುತ್ತಿಲ್ಲ’ ಅಂತ ಬೇಕೆಂದೇ ಬರೆದೆ. ಉಪಕರಣಗಳು ನೋಡುವುದು ಕೋಡ್‌ನಲ್ಲಿ ‘ಇಂಪೋರ್ಟ್’ ಅಥವಾ ‘ರಿಕ್ವೈರ್’ ಇದೆಯಾ ಅಂತ, ಜೊತೆಗೆ ತಮಗೆ ಗೊತ್ತಿರುವ ಒಂದಿಷ್ಟು ಕಾನ್ಫಿಗ್ ಫೈಲ್‌ಗಳನ್ನು. ಹೆಸರನ್ನು ಬರೀ ಒಂದು ಸ್ಟ್ರಿಂಗ್ ಆಗಿ ಬರೆದು, ಒಳಗೆ ಬೇರೆ ಯಾರೋ ಅದನ್ನು ಲೋಡ್ ಮಾಡುವ ಸಂದರ್ಭ ಅವುಗಳ ಕಣ್ಣಿಗೆ ಬೀಳದೇ ಹೋಗಬಹುದು. ಬೇಬಲ್ ಪ್ರಿಸೆಟ್, ಈಎಸ್‌ಲಿಂಟ್ ಪ್ಲಗಿನ್, ವೆಬ್‌ಪ್ಯಾಕ್ ಲೋಡರ್, ಪೋಸ್ಟ್‌ಸಿಎಸ್‌ಎಸ್ ಪ್ಲಗಿನ್, ಟೈಪ್‌ಸ್ಕ್ರಿಪ್ಟ್‌ಗೆ ಬೇಕಾದ ‘ಟೈಪ್ಸ್’ ಪ್ಯಾಕೇಜ್‌ಗಳು, ಎಲ್ಲವೂ ಈ ಜಾತಿಯವೇ. ಆದರೆ ಇವು ಹೋದರೆ ಬಿಲ್ಡ್ ತಕ್ಷಣ ಕೂಗುತ್ತದೆ. ಹೆಚ್ಚು ಅಪಾಯ ಇಲ್ಲ.

ಕೂಗದೇ ಹೋಗುವವು ಡೇಟಾಬೇಸ್ ಡ್ರೈವರ್‌ಗಳು. ಡೇಟಾಬೇಸ್ ಜೊತೆ ಮಾತಾಡಲು ಕ್ನೆಕ್ಸ್ ಅನ್ನುವ ಪ್ಯಾಕೇಜ್ ಬಳಸುವ ಪ್ರಾಜೆಕ್ಟ್ ತೆಗೆದುಕೊಳ್ಳಿ. ಸೆಟ್ಟಿಂಗ್‌ನಲ್ಲಿ ‘ಕ್ಲೈಂಟ್: ಪಿಜಿ’ ಅಂತ ಬರೆದರೆ ಸಾಕು, ಪೋಸ್ಟ್‌ಗ್ರೆಸ್‌ಗೆ ಬೇಕಾದ ‘ಪಿಜಿ’ ಪ್ಯಾಕೇಜನ್ನು ಕ್ನೆಕ್ಸ್ ತಾನೇ ಲೋಡ್ ಮಾಡುತ್ತದೆ. ನಿಮ್ಮ ಕೋಡ್‌ನಲ್ಲಿ ಎಲ್ಲೂ ‘ಪಿಜಿ’ಯನ್ನು ಇಂಪೋರ್ಟ್ ಮಾಡಿರುವುದಿಲ್ಲ. ಎಷ್ಟೋ ತಂಡಗಳು ಟೆಸ್ಟ್ ಬೇಗ ಮುಗಿಯಲಿ ಅಂತ ಟೆಸ್ಟ್‌ಗೆ ಎಸ್‌ಕ್ಯೂಲೈಟ್, ನಿಜವಾದ ಸರ್ವರ್‌ಗೆ ಪೋಸ್ಟ್‌ಗ್ರೆಸ್ ಇಟ್ಟುಕೊಂಡಿರುತ್ತವೆ. ‘ಪಿಜಿ’ ತೆಗೆದಿರಿ: ಬಿಲ್ಡ್ ಸರಿ, ಎಲ್ಲ ಟೆಸ್ಟ್ ಹಸಿರು, ಸರ್ವರ್‌ನಲ್ಲಿ ಆ್ಯಪ್ ಏಳುವುದಿಲ್ಲ. ಲಾಗ್ ತೆರೆದರೆ ‘ಎನ್‌ಪಿಎಂ ಇನ್‌ಸ್ಟಾಲ್ ಪಿಜಿ’ ಓಡಿಸಿ ಅಂತ ಕ್ನೆಕ್ಸ್ ತಾನೇ ಬುದ್ಧಿ ಹೇಳಿರುತ್ತದೆ.

ಆದ್ದರಿಂದ ವರದಿಯಲ್ಲಿ ಬಂದ ಪ್ರತಿ ಹೆಸರನ್ನೂ ‘ಗಿಟ್ ಗ್ರೆಪ್’ನಲ್ಲಿ ಹುಡುಕಿ. ಬರೀ ‘ಎಸ್‌ಆರ್‌ಸಿ’ ಫೋಲ್ಡರ್‌ನಲ್ಲಲ್ಲ, ಇಡೀ ರೆಪೋದಲ್ಲಿ. ಡಾಕರ್‌ಫೈಲ್ (ಆ್ಯಪ್‌ನ ಇಮೇಜ್ ಕಟ್ಟುವ ಸೂಚನೆಗಳು), ಸಿಐ (ಕೋಡ್ ಬಂದಾಗೆಲ್ಲ ತಾನಾಗಿಯೇ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆ) ಸೆಟ್ಟಿಂಗ್, ಶೆಲ್ ಸ್ಕ್ರಿಪ್ಟ್, ‘ಪ್ಯಾಕೇಜ್.ಜೇಸನ್’ನ ‘ಸ್ಕ್ರಿಪ್ಟ್ಸ್’ ಭಾಗ, ಎಲ್ಲ ಸೇರಿ. ಒಂದು ಹುಷಾರು: ಪ್ಯಾಕೇಜ್ ಹೆಸರೂ ಅದು ಕೊಡುವ ಕಮಾಂಡ್ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ಟೈಪ್‌ಸ್ಕ್ರಿಪ್ಟ್ ಕೊಡುವ ಕಮಾಂಡ್ ‘ಟಿಎಸ್‌ಸಿ’. ‘ಟೈಪ್‌ಸ್ಕ್ರಿಪ್ಟ್’ ಅಂತ ಹುಡುಕಿ ಸಿಗಲಿಲ್ಲ ಅಂತ ಕಿತ್ತರೆ ಬಿಲ್ಡ್ ಹೋಯಿತು.

ಪ್ಯಾಕೇಜ್‌ನ ಕಮಾಂಡ್ ಓಡಿಸುವ ‘ಎನ್‌ಪಿಎಕ್ಸ್’ ಕೂಡ ಕಣ್ಣಿಗೆ ಮಣ್ಣೆರಚುತ್ತದೆ. ಸಿಐನಲ್ಲಿ ‘ಎನ್‌ಪಿಎಕ್ಸ್ ಈಎಸ್‌ಲಿಂಟ್’ ಅಂತ ಬರೆದಿದ್ದು, ನೀವು ಈಎಸ್‌ಲಿಂಟ್ ಅನ್ನು ಪಟ್ಟಿಯಿಂದ ತೆಗೆದರೆ ಸಿಐ ಬೀಳಲೇಬೇಕೆಂದಿಲ್ಲ. ಪ್ಯಾಕೇಜ್ ಸ್ಥಳೀಯವಾಗಿ ಸಿಗದಿದ್ದರೆ ಎನ್‌ಪಿಎಕ್ಸ್ ರಿಜಿಸ್ಟ್ರಿಯಿಂದ ಇಳಿಸಿಕೊಳ್ಳುತ್ತದೆ. ಕೀಬೋರ್ಡ್ ಮುಂದೆ ಮನುಷ್ಯ ಇದ್ದರೆ ‘ಇಳಿಸಲಾ?’ ಅಂತ ಕೇಳುತ್ತದೆ, ಸಿಐನಲ್ಲಿ ಅದನ್ನೂ ಕೇಳುವುದಿಲ್ಲ. ಅಂದರೆ ಪಟ್ಟಿಯಲ್ಲಿ ಕಟ್ಟಿಹಾಕಿದ್ದ ಆವೃತ್ತಿ ಹೋಗಿ, ಆ ಕ್ಷಣದ ಹೊಸ ಆವೃತ್ತಿ ಬಂದು ಕೂರುತ್ತದೆ. ಪಟ್ಟಿ ಚಿಕ್ಕದಾಯಿತು ಅಂತ ಖುಷಿ, ಇದ್ದ ಹತೋಟಿ ಕೈತಪ್ಪಿತು. ಎನ್‌ಪಿಎಕ್ಸ್‌ಗೆ ‘ನೋ’ ಆಯ್ಕೆ ಕೊಟ್ಟರೆ ಹೀಗೆ ಇಳಿಸಿಕೊಳ್ಳದೆ ನಿಂತುಬಿಡುತ್ತದೆ. ಸಿಐನಲ್ಲಿ ಅದನ್ನು ಹಾಕಿಡುವುದು ಒಳ್ಳೆಯದು.

ಪಿಯರ್ ಡಿಪೆಂಡೆನ್ಸಿಗಳ (ಒಂದು ಪ್ಯಾಕೇಜ್ ‘ನಿಮ್ಮ ಪ್ರಾಜೆಕ್ಟ್‌ನಲ್ಲೇ ಇರಲಿ’ ಅಂತ ಕೇಳುವ ಜೊತೆಗಾರ ಪ್ಯಾಕೇಜ್‌ಗಳು) ವಿಷಯಕ್ಕೆ ಬಂದರೆ, ಎನ್‌ಪಿಎಂ 7ರಿಂದ ಅವು ತಾವಾಗಿಯೇ ಇನ್‌ಸ್ಟಾಲ್ ಆಗುತ್ತವೆ. ಹಾಗಂತ ‘ರಿಯಾಕ್ಟ್-ಡಾಮ್’ ಅಂಥದ್ದನ್ನು ಪಟ್ಟಿಯಿಂದ ತೆಗೆಯಬೇಡಿ. ಯಾವ ಆವೃತ್ತಿ ಬರಬೇಕು ಅನ್ನುವ ನಿರ್ಧಾರ ನಿಮ್ಮ ಕೈಯಲ್ಲಿರಲಿ. ‘.ಎನ್‌ಪಿಎಂಆರ್‌ಸಿ’ಯಲ್ಲಿ ‘ಲೆಗಸಿ-ಪಿಯರ್-ಡೆಪ್ಸ್’ ಇದ್ದರಂತೂ ಅವು ಬರುವುದೇ ಇಲ್ಲ.

ತೆಗೆಯುವ ಕ್ರಮ, ಮತ್ತು ಒಂದು ಸುಳ್ಳು ಹಸಿರು

ಒಂದು ಸಲಕ್ಕೆ ಒಂದೇ ಪ್ಯಾಕೇಜ್. ಒಂದಕ್ಕೆ ಒಂದು ಕಮಿಟ್. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ವಾರದ ನಂತರ ಏನಾದರೂ ಬಿದ್ದರೆ ಕೆಡಿಸಿದ ಕಮಿಟ್ ಹುಡುಕಿಕೊಡುವ ‘ಗಿಟ್ ಬೈಸೆಕ್ಟ್’ ಐದು ನಿಮಿಷದಲ್ಲಿ ಯಾವುದು ಅಂತ ಹೇಳುತ್ತದೆ. ಹದಿನೈದು ಪ್ಯಾಕೇಜ್ ಒಟ್ಟಿಗೆ ತೆಗೆದ ಒಂದೇ ಕಮಿಟ್ ಇದ್ದರೆ ಅದೇ ಬೈಸೆಕ್ಟ್‌ನಿಂದ ಏನೂ ಪ್ರಯೋಜನ ಇಲ್ಲ, ಅಲ್ವಾ?

ಪಟ್ಟಿಯಿಂದ ಕೈಯಲ್ಲಿ ಸಾಲು ಅಳಿಸಬೇಡಿ, ‘ಎನ್‌ಪಿಎಂ ಅನ್‌ಇನ್‌ಸ್ಟಾಲ್’ ಬಳಸಿ. ಅದು ಕೊನೆಯಲ್ಲಿ ಹೇಳುವ ಸಾಲನ್ನು ಓದಿ. ‘ರಿಮೂವ್ಡ್’ ಅಂತ ಹೇಳಿ ಮುಂದೆ ಒಂದು ಸಂಖ್ಯೆ ಇದ್ದರೆ ಅಷ್ಟು ಪ್ಯಾಕೇಜ್ ನಿಜವಾಗಿ ಹೋದವು. ‘ಅಪ್ ಟು ಡೇಟ್’ ಅಂದರೆ ನಿಮ್ಮ ಪಟ್ಟಿಯಿಂದ ಹೆಸರು ಹೋಯಿತು, ಫೋಲ್ಡರ್‌ನಿಂದ ಪ್ಯಾಕೇಜ್ ಹೋಗಿಲ್ಲ. ಇನ್ಯಾರಿಗೋ ಅದು ಬೇಕಾಗಿದೆ.

ಇಲ್ಲೊಂದು ಬಲೆ ಇದೆ. ‘ಅಪ್ ಟು ಡೇಟ್’ ಬಂದಾಗ ಟೆಸ್ಟ್ ಪಾಸಾದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನಿಮ್ಮ ಕೋಡ್ ಆ ಪ್ಯಾಕೇಜನ್ನು ಬಳಸುತ್ತಿದ್ದರೂ ಟೆಸ್ಟ್ ಪಾಸಾಗುತ್ತಿತ್ತು, ಯಾಕೆಂದರೆ ಅದು ಇನ್ನೂ ಅಲ್ಲೇ ಇದೆ. ಹೀಗೆ ತೆಗೆದಾಗ ಆಗುವುದೇನೆಂದರೆ, ಪಟ್ಟಿಯಲ್ಲಿ ಸರಿಯಾಗಿ ಬರೆದಿದ್ದ ಒಂದು ಪ್ಯಾಕೇಜ್ ನಿಮ್ಮ ಕೈಯಿಂದಲೇ ಎರವಲಾಗಿಬಿಡುತ್ತದೆ. ದೋಷ ಹೊರಗೆ ಬರುವುದು ಆರು ತಿಂಗಳ ನಂತರ, ಬೇರೆ ಯಾರೋ ಬೇರೆ ಯಾವುದನ್ನೋ ತೆಗೆದಾಗ. ಬೈಗುಳ ತಿನ್ನುವವರೂ ಅವರೇ. ಹಾಗಾಗಿ ಪ್ರತಿ ಸಲ ತೆಗೆದ ಮೇಲೆ ಡೆಪ್‌ಚೆಕ್‌ನ ‘ಮಿಸ್ಸಿಂಗ್’ ಭಾಗವನ್ನು ಇನ್ನೊಮ್ಮೆ ನೋಡಿ. ಖಾಲಿ ಇದ್ದರೆ ಮುಂದಕ್ಕೆ.

ಕಮಿಟ್ ಮಾಡುವ ಮುಂಚೆ ಲಾಕ್‌ಫೈಲ್‌ನ ಡಿಫ್ ಮೇಲೆ ಕಣ್ಣಾಡಿಸಿ. ಬಹುತೇಕ ಅಳಿದ ಸಾಲುಗಳೇ ಇರಬೇಕು. ಸಂಬಂಧವಿಲ್ಲದ ಪ್ಯಾಕೇಜ್‌ಗಳ ಆವೃತ್ತಿ ಬದಲಾಗಿದ್ದರೆ ಏನೋ ಜಾಸ್ತಿ ಆಗಿದೆ ಅಂತ. ಹಿಂದೆ ಸರಿದು ಮತ್ತೆ ‘ಎನ್‌ಪಿಎಂ ಸಿಐ’ಯಿಂದ ಶುರು ಮಾಡಿ.

ಮೂರನೇ ದೋಷ: ತಪ್ಪು ಡಬ್ಬಿ

ಇದು ಚಿಕ್ಕದು. ‘ಡಿಪೆಂಡೆನ್ಸೀಸ್’ ಮತ್ತು ‘ಡೆವ್‌ಡಿಪೆಂಡೆನ್ಸೀಸ್’ ಅಂತ ಎರಡು ಡಬ್ಬಿ ಇವೆ: ಮೊದಲನೆಯದು ಆ್ಯಪ್ ಓಡಲು ಬೇಕಾದವಕ್ಕೆ, ಎರಡನೆಯದು ಬಿಲ್ಡ್ ಮತ್ತು ಟೆಸ್ಟ್‌ಗೆ ಮಾತ್ರ ಬೇಕಾದವಕ್ಕೆ. ಸರ್ವರ್‌ನಲ್ಲಿ ‘ಎನ್‌ಪಿಎಂ ಸಿಐ’ಗೆ ‘ಒಮಿಟ್=ಡೆವ್’ ಕೊಟ್ಟರೆ ಎರಡನೆಯದು ಬರುವುದಿಲ್ಲ. ‘ನೋಡ್_ಈಎನ್‌ವಿ’ಯಲ್ಲಿ ‘ಪ್ರೊಡಕ್ಷನ್’ ಅಂತ ಇದ್ದರೂ ಅದೇ ಕಥೆ. ಇದು ಮರೆತುಹೋಗಿ ಸರ್ವರ್‌ನಲ್ಲೇ ಬಿಲ್ಡ್ ಮಾಡಿದರೆ ‘ಟಿಎಸ್‌ಸಿ: ನಾಟ್ ಫೌಂಡ್’ ಅನ್ನುತ್ತದೆ. ಆಗ ಟೈಪ್‌ಸ್ಕ್ರಿಪ್ಟ್ ಅನ್ನು ಮೊದಲ ಡಬ್ಬಿಗೆ ಎತ್ತಿ ಹಾಕುವುದು ಸುಲಭದ ದಾರಿ, ತಪ್ಪು ದಾರಿ. ಡಾಕರ್‌ಫೈಲ್‌ನಲ್ಲಿ ಎರಡು ಹಂತ ಮಾಡಿ: ಮೊದಲ ಹಂತದಲ್ಲಿ ಎಲ್ಲ ತಂದು ಬಿಲ್ಡ್ ಮಾಡಿ, ಎರಡನೆಯದಕ್ಕೆ ಬಿಲ್ಡ್ ಆದದ್ದನ್ನೂ ಓಡಲು ಬೇಕಾದ ಪ್ಯಾಕೇಜ್‌ಗಳನ್ನೂ ಮಾತ್ರ ಒಯ್ಯಿರಿ.

‘ಪ್ರೂನ್ ಮಾಡಿದರೂ ಇಮೇಜ್ ಗಾತ್ರ ಇಳಿಯುತ್ತಿಲ್ಲ’ ಅನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಹಿಂದಿನ ಲೇಯರ್‌ನಲ್ಲಿ ಬಂದದ್ದನ್ನು ಮುಂದಿನ ‘ರನ್’ ಸಾಲಿನಲ್ಲಿ ಅಳಿಸಿದರೆ ಹಳೆಯ ಲೇಯರ್ ಹಾಗೇ ಉಳಿಯುತ್ತದೆ. ಎರಡು ಹಂತ ಮಾಡಿದರೆ ಗಾತ್ರ ಇಳಿಯುತ್ತದೆ.

ಬ್ರೌಸರ್‌ಗೆ ಬಂಡಲ್ ಮಾಡುವ ಪ್ರಾಜೆಕ್ಟ್‌ಗಳಲ್ಲಿ ಯಾವ ಡಬ್ಬಿ ಅನ್ನುವುದು ಅಷ್ಟು ಮುಖ್ಯವಲ್ಲ. ಬಂಡಲರ್ ಇಂಪೋರ್ಟ್ ಆದದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ.

ನೋಡ್ ಈಗ ತಾನೇ ಮಾಡುವ ಕೆಲಸಗಳು

ಬಳಕೆಯಲ್ಲಿದ್ದರೂ ಬೇಡವಾದ ಪ್ಯಾಕೇಜ್‌ಗಳು ಇವು. ಫೋಲ್ಡರ್ ಸಮೇತ ಅಳಿಸುವ ರಿಮ್‌ರಾಫ್ ಕೆಲಸವನ್ನು ನೋಡ್ 14.14ರಿಂದ ‘ಎಫ್‌ಎಸ್.ಆರ್‌ಎಂ’ ಮಾಡುತ್ತದೆ. ಒಳಫೋಲ್ಡರ್‌ಗಳನ್ನೂ ಸೇರಿಸಿ ಹುಟ್ಟಿಸುವ ಎಂಕೆಡಿಆರ್‌ಪಿ ಬೇಕಿಲ್ಲ, 10.12ರಿಂದ ‘ಎಂಕೆಡಿಆರ್’ಗೆ ‘ರಿಕರ್ಸಿವ್’ ಆಯ್ಕೆ ಇದೆ. ಮೇಲಿನ ಕಥೆಯ ಯುಯುಐಡಿಗೆ 14.17ರಿಂದ ‘ಕ್ರಿಪ್ಟೋ.ರ‍್ಯಾಂಡಮ್‌ಯುಯುಐಡಿ’ ಇದೆ. ವೆಬ್ ಕರೆ ಮಾಡಲು ನೋಡ್ 18ರಿಂದ ‘ಫೆಚ್’ ಒಳಗೇ ಇದೆ. 20.6ರಿಂದ ‘ಎನ್ವ್-ಫೈಲ್’ ಆಯ್ಕೆ ಬಂದ ಮೇಲೆ, ಸೆಟ್ಟಿಂಗ್‌ಗಳನ್ನು ಫೈಲ್‌ನಿಂದ ಓದುವ ಡಾಟ್‌ಎನ್ವ್ ಕೂಡ ಬಹುತೇಕ ಕಡೆ ಬೇಡ.

ಕನ್ನಡ ಅಥವಾ ಬೇರೆ ಭಾರತೀಯ ಭಾಷೆಗಳ ಸೈಟ್ ನಡೆಸುವವರು ‘ಫುಲ್-ಐಸಿಯು’, ‘ಇಂಟ್ಲ್’ ಅನ್ನುವ ಪ್ಯಾಕೇಜ್‌ಗಳು ಪಟ್ಟಿಯಲ್ಲಿವೆಯಾ ನೋಡಿ. ಹಿಂದೆ ನೋಡ್ ಜೊತೆ ಇಂಗ್ಲಿಷ್ ಮಾಹಿತಿ ಮಾತ್ರ ಬರುತ್ತಿತ್ತು. ತಿಂಗಳ ಹೆಸರು ಕನ್ನಡದಲ್ಲಿ ಬೇಕೆಂದರೆ ಇವನ್ನು ಹಾಕಬೇಕಿತ್ತು. 2019ರಲ್ಲಿ ಬಂದ ನೋಡ್ 13ರಿಂದ ಎಲ್ಲ ಭಾಷೆಗಳ ಮಾಹಿತಿಯೂ ಜೊತೆಗೇ ಬರುತ್ತದೆ. ‘ಇಂಟ್ಲ್.ಡೇಟ್‌ಟೈಮ್‌ಫಾರ್ಮ್ಯಾಟ್’ಗೆ ‘ಕೆಎನ್-ಐಎನ್’ ಕೊಟ್ಟರೆ ಜನವರಿ, ಫೆಬ್ರವರಿ ಕನ್ನಡದಲ್ಲೇ ಸಿಗುತ್ತವೆ. ‘ಏಷ್ಯಾ/ಕೋಲ್ಕತಾ’ ಸಮಯವಲಯವೂ ಸಿಗುತ್ತದೆ. ಲಕ್ಷ, ಕೋಟಿಗೆ ಸರಿಯಾಗಿ ಅಲ್ಪವಿರಾಮ ಹಾಕಲು ‘ಇಂಟ್ಲ್.ನಂಬರ್‌ಫಾರ್ಮ್ಯಾಟ್’ಗೆ ‘ಈಎನ್-ಐಎನ್’ ಕೊಟ್ಟರಾಯಿತು, 1,23,456 ಅಂತಲೇ ಬರುತ್ತದೆ. ಅದಕ್ಕೂ ಒಂದು ಪ್ಯಾಕೇಜ್ ಹಾಕಿಕೊಂಡಿರುವ ಪ್ರಾಜೆಕ್ಟ್‌ಗಳಿವೆ.

ಬದಲಿಸುವಾಗ ನಡವಳಿಕೆಯ ವ್ಯತ್ಯಾಸ ನೋಡಿಕೊಳ್ಳಿ. ವೆಬ್ ಕರೆಗೆ ಬಳಸುವ ಆ್ಯಕ್ಸಿಯೋಸ್ ಪ್ಯಾಕೇಜ್ ತೆಗೆದು ‘ಫೆಚ್’ ಹಾಕಿದಾಗ ಬರುವ ಮಾಮೂಲಿ ದೋಷ ಇದು: 404 ಅಥವಾ 500 ಬಂದರೆ ಆ್ಯಕ್ಸಿಯೋಸ್ ಎರರ್ ಎಸೆಯುತ್ತದೆ, ‘ಫೆಚ್’ ಎಸೆಯುವುದಿಲ್ಲ. ‘ರೆಸ್ಪಾನ್ಸ್.ಓಕೆ’ ನೀವೇ ನೋಡಬೇಕು. ನೋಡದಿದ್ದರೆ ನಿಮ್ಮ ‘ಕ್ಯಾಚ್’ ಭಾಗ ಸುಮ್ಮನೆ ಕೂತಿರುತ್ತದೆ, ತಪ್ಪು ಉತ್ತರ ಮುಂದಕ್ಕೆ ಹೋಗುತ್ತದೆ.

ಹಾಗಂತ ಎಲ್ಲವನ್ನೂ ಕೈಯಿಂದ ಬರೆಯುವ ಹುಚ್ಚೂ ಬೇಡ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವರು ವಾಪಸ್ ತೆಗೆದುಕೊಂಡಾಗ ಜಗತ್ತಿನಾದ್ಯಂತ ಬಿಲ್ಡ್‌ಗಳು ಬಿದ್ದವು. ಆ 11 ಸಾಲನ್ನು ನಾವೇ ಬರೆದುಕೊಳ್ಳಬಹುದಿತ್ತು, ನಿಜ. ಈಗ ‘ಪ್ಯಾಡ್‌ಸ್ಟಾರ್ಟ್’ ಭಾಷೆಯಲ್ಲೇ ಇದೆ. ಆದರೆ ಸಮಯವಲಯದ ಲೆಕ್ಕ, ಪಾಸ್‌ವರ್ಡ್ ಹ್ಯಾಶ್, ಎಚ್‌ಟಿಎಂಎಲ್ ಶುದ್ಧಿ ಮಾಡುವುದು, ಸಿಎಸ್‌ವಿ ಓದುವುದು ಇವಕ್ಕೆಲ್ಲ ಒಳ್ಳೆಯ ಪ್ಯಾಕೇಜ್ ಇಟ್ಟುಕೊಳ್ಳಿ. ನನ್ನ ಅಳತೆ ಸರಳ: ನಾನೇ ಬರೆದರೆ ಅದಕ್ಕೆ ಬೇಕಾಗುವ ಟೆಸ್ಟ್‌ಗಳು ಕೋಡ್‌ಗಿಂತ ತುಂಬಾ ಉದ್ದವಾಗುತ್ತವೆಯೇ? ಹೌದಾದರೆ ಪ್ಯಾಕೇಜ್ ಇರಲಿ.

ತೆಗೆಯುವುದರಿಂದ ಸಿಗುವ ದೊಡ್ಡ ಲಾಭ ಜಾಗವಲ್ಲ, ನಂಬಬೇಕಾದ ಜನರ ಸಂಖ್ಯೆ ಕಡಿಮೆಯಾಗುವುದು. 2018ರಲ್ಲಿ ಈವೆಂಟ್-ಸ್ಟ್ರೀಮ್ ಪ್ಯಾಕೇಜ್‌ನ ಹೊಣೆ ಹೊಸಬರೊಬ್ಬರ ಕೈಗೆ ಹೋಯಿತು. ಅವರು ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಅನ್ನುವ ಒಂದು ಪುಟ್ಟ ಡಿಪೆಂಡೆನ್ಸಿ ಸೇರಿಸಿದರು. ಕೋಪೇ ಬಿಟ್‌ಕಾಯಿನ್ ವಾಲೆಟ್‌ನಿಂದ ಕದಿಯುವ ಕೋಡ್ ಇದ್ದದ್ದು ಅದರೊಳಗೆ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್ ಅಂಥ ಮನೆಮಾತಾದ ಪ್ಯಾಕೇಜ್‌ಗಳಿಗೂ ಕಳ್ಳ ಕೋಡ್ ಸೇರಿತು, ನಿರ್ವಾಹಕರೊಬ್ಬರು ನಕಲಿ ಇಮೇಲ್‌ಗೆ ಮೋಸಹೋದದ್ದೇ ಕಾರಣ. ಪಟ್ಟಿಯಲ್ಲಿ ಯಾರೂ ಬಳಸದ ಒಂದು ಹೆಸರು ಸುಮ್ಮನೆ ಕೂತಿದ್ದರೂ ಅದರ ಇನ್‌ಸ್ಟಾಲ್ ಸ್ಕ್ರಿಪ್ಟ್ ನಿಮ್ಮ ಯಂತ್ರದಲ್ಲಿ ಓಡಬಲ್ಲದು.

ಬೇರೆ ಭಾಷೆಯವರಿಗೆ

ಪೈಥಾನ್‌ನಲ್ಲಿ ‘ಪಿಪ್ ಅನ್‌ಇನ್‌ಸ್ಟಾಲ್’ ಕೊಟ್ಟ ಹೆಸರನ್ನು ಮಾತ್ರ ತೆಗೆಯುತ್ತದೆ, ಅದರ ಬೆನ್ನಿಗೆ ಬಂದವು ಉಳಿಯುತ್ತವೆ. ಜೊತೆಗೆ ‘ಪಿಪ್ ಫ್ರೀಜ್’ನಿಂದ ಪಟ್ಟಿ ಮಾಡಿದ್ದರೆ ನೀವು ಕೇಳಿ ತಂದದ್ದು ಯಾವುದು, ತಾನಾಗಿ ಬಂದದ್ದು ಯಾವುದು ಅನ್ನುವ ಗುರುತೇ ಅಳಿಸಿಹೋಗಿರುತ್ತದೆ. ನೇರವಾಗಿ ಬೇಕಾದ್ದನ್ನು ಮಾತ್ರ ಬೇರೆ ಫೈಲ್‌ನಲ್ಲಿ ಬರೆದು, ‘ಪಿಪ್-ಕಂಪೈಲ್’ನಿಂದ ಉಳಿದದ್ದನ್ನು ಹುಟ್ಟಿಸಿ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಪರೀಕ್ಷಿಸಿ. ಹೆಸರುಗಳ ಗೊಂದಲ ಇಲ್ಲಿ ಜಾಸ್ತಿ: ಕೋಡ್‌ನಲ್ಲಿ ‘ಬಿಎಸ್4’, ಪಟ್ಟಿಯಲ್ಲಿ ‘ಬ್ಯೂಟಿಫುಲ್‌ಸೂಪ್4’, ಕೋಡ್‌ನಲ್ಲಿ ‘ಸಿವಿ2’, ಪಟ್ಟಿಯಲ್ಲಿ ‘ಓಪನ್‌ಸಿವಿ-ಪೈಥಾನ್’. ಹೆಸರು ಹೊಂದಲಿಲ್ಲ ಅಂತ ಕಿತ್ತು ಹಾಕಬೇಡಿ.

ಜಾವಾದಲ್ಲಿ ಮೇವನ್‌ನ ‘ಡಿಪೆಂಡೆನ್ಸಿ:ಅನಲೈಸ್’ ಎರಡು ಪಟ್ಟಿ ಕೊಡುತ್ತದೆ: ಬಳಸಿದ್ದರೂ ಘೋಷಿಸದವು, ಘೋಷಿಸಿದ್ದರೂ ಬಳಸದವು. ಓದುವ ಕ್ರಮ ಅದೇ, ಮೊದಲನೆಯದು ಮೊದಲು. ಅದು ಬೈಟ್‌ಕೋಡ್ ನೋಡಿ ಹೇಳುವುದರಿಂದ ಓಡುವಾಗ ಹೆಸರಿನಿಂದ ಲೋಡ್ ಆಗುವ ಜೆಡಿಬಿಸಿ (ಡೇಟಾಬೇಸ್) ಡ್ರೈವರ್ ಅದಕ್ಕೆ ಕಾಣುವುದಿಲ್ಲ. ಕ್ನೆಕ್ಸ್ ಕಥೆಯೇ ಇನ್ನೊಂದು ವೇಷದಲ್ಲಿ.

ಗೋದವರು ಪುಣ್ಯವಂತರು. ‘ಗೋ ಮಾಡ್ ಟೈಡಿ’ ಸೇರಿಸುವುದನ್ನೂ ತೆಗೆಯುವುದನ್ನೂ ಒಟ್ಟಿಗೆ ಮಾಡುತ್ತದೆ. ಡ್ರೈವರ್ ಬೇಕಿದ್ದರೂ ಅಂಡರ್‌ಸ್ಕೋರ್ ಹಾಕಿ ಕೋಡ್‌ನಲ್ಲಿ ಇಂಪೋರ್ಟ್ ಬರೆಯಲೇಬೇಕಾದ್ದರಿಂದ ಅದು ಮೋಸಹೋಗುವುದಿಲ್ಲ.

ಮತ್ತೆ ಬರದಂತೆ

ಈಎಸ್‌ಲಿಂಟ್‌ನ ಇಂಪೋರ್ಟ್ ಪ್ಲಗಿನ್‌ನಲ್ಲಿ ‘ನೋ-ಎಕ್ಸ್‌ಟ್ರೇನಿಯಸ್-ಡಿಪೆಂಡೆನ್ಸೀಸ್’ ಅನ್ನುವ ನಿಯಮ ಇದೆ. ಪಟ್ಟಿಯಲ್ಲಿಲ್ಲದ್ದನ್ನು ಯಾರಾದರೂ ಇಂಪೋರ್ಟ್ ಮಾಡಿದರೆ ಬರೆಯುವಾಗಲೇ ಹಿಡಿಯುತ್ತದೆ. ಅದನ್ನು ಹಾಕಿ. ಕ್ನಿಪ್ ಅಥವಾ ಡೆಪ್‌ಚೆಕ್ ಅನ್ನು ಸಿಐನಲ್ಲಿ ಸೇರಿಸಿ. ‘ಪಿಜಿ’ ಅಂಥ ಸುಳ್ಳು ವರದಿಗಳಿಗೆ ವಿನಾಯಿತಿ ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಪಕ್ಕ ಒಂದು ಸಾಲು ಕಾರಣ ಬರೆಯಿರಿ: ‘ಕ್ನೆಕ್ಸ್ ಲೋಡ್ ಮಾಡುತ್ತದೆ, ಪ್ರೊಡಕ್ಷನ್‌ಗೆ ಬೇಕು’. ‘ಪ್ಯಾಕೇಜ್.ಜೇಸನ್’ನಲ್ಲಿ ಕಾಮೆಂಟ್ ಬರೆಯಲು ಬರುವುದಿಲ್ಲ, ಆದರೆ ಕ್ನಿಪ್‌ನ ಕಾನ್ಫಿಗನ್ನು ಟೈಪ್‌ಸ್ಕ್ರಿಪ್ಟ್ ಫೈಲ್ ಆಗಿ ಇಟ್ಟುಕೊಂಡರೆ ಅಲ್ಲಿ ಧಾರಾಳವಾಗಿ ಬರೆಯಬಹುದು.